ಲಿನಕ್ಸ್ ಲ್ಯಾಪ್‌ಟಾಪ್: ಸದ್ದು ಬರದಿದ್ದರೆ, ಪರದೆ ಕಪ್ಪಾದರೆ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡು, ಡೊಂಬಿವಲಿಗೋ ಮುಲುಂಡಿಗೋ ಹೊತ್ತುಕೊಂಡು ಬಂದು ಉಬುಂಟುವನ್ನೋ ಮಿಂಟನ್ನೋ (ಎರಡೂ ಲಿನಕ್ಸಿನ ಬಗೆಗಳು) ಹಾಕಿದವರು ಮೊದಲ ದಿನವೇ ಕೇಳುವ ಪ್ರಶ್ನೆ, 'ಇದರ ಡ್ರೈವರ್ ಎಲ್ಲಿ ಸಿಗುತ್ತೆ?' ವಿಂಡೋಸ್ ಕಲಿಸಿದ ಅಭ್ಯಾಸ ಅದು. ಲಿನಕ್ಸ್‌ನಲ್ಲಿ ಇಂಟೆಲ್ ಮತ್ತು ಎಎಂಡಿ ಗ್ರಾಫಿಕ್ಸಿನ ಡ್ರೈವರು, ಹೆಚ್ಚೂಕಡಿಮೆ ಎಲ್ಲ ಸೌಂಡ್ ಚಿಪ್ಪುಗಳ ಡ್ರೈವರು ಕರ್ನಲ್ (ಲಿನಕ್ಸಿನ ತಿರುಳು) ಜೊತೆಗೇ ಬಂದಿರುತ್ತವೆ. ಬೇರೆಯಾಗಿ ಹಾಕಿಕೊಳ್ಳಬೇಕಾದದ್ದು ಎನ್‌ವಿಡಿಯಾ ಒಂದನ್ನೇ, ಅದನ್ನೂ ಕಂಪನಿಯ ಸೈಟಿನಿಂದ ಇಳಿಸಿಕೊಳ್ಳಬಾರದು. ತೊಂದರೆ ಇರುವುದು ಬಹುಪಾಲು ಬೇರೆ ಕಡೆ: ಡ್ರೈವರ್ ಇದೆ ಆದರೆ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ತಂತ್ರಾಂಶ) ಇಲ್ಲ, ಫರ್ಮ್‌ವೇರ್ ಇದೆ ಆದರೆ ಸದ್ದು ಎಚ್‌ಡಿಎಂಐ ಕಡೆಗೆ ಹರಿಯುತ್ತಿದೆ, ಎಲ್ಲವೂ ಇದೆ ಆದರೆ ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಕಾವಲು) ಬಾಗಿಲು ತೆಗೆಯುತ್ತಿಲ್ಲ. ಯಾವ ಪದರದಲ್ಲಿ ತಪ್ಪಿದೆ ಎಂದು ಗೊತ್ತಾದರೆ ಉಳಿದದ್ದು ಐದು ನಿಮಿಷದ ಕೆಲಸ.

ಒಂದು ಸೂಚನೆ. ಇಲ್ಲಿ ಆದೇಶಗಳೂ ಕನ್ನಡ ಅಕ್ಷರದಲ್ಲೇ ಇವೆ. ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ) ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದೆ. 'ಸುಡೊ' ಎಂದರೆ ಎಸ್-ಯು-ಡಿ-ಒ, ಆದೇಶವನ್ನು ಯಂತ್ರದ ಒಡೆಯನ (ರೂಟ್) ಅಧಿಕಾರದಲ್ಲಿ ಓಡಿಸಲು. 'ಆಪ್ಟ್' ಎಂದರೆ ಎ-ಪಿ-ಟಿ, ಪ್ಯಾಕೇಜು ಹಾಕಲು, ತೆಗೆಯಲು. ಹಂತಗಳು ಉಬುಂಟು 24.04 ಮತ್ತು ಮಿಂಟ್ 22ಕ್ಕೆ ನೇರವಾಗಿ ಹೊಂದುತ್ತವೆ. ಫೆಡೋರಾ, ಡೆಬಿಯನ್‌ನಲ್ಲಿ ಪ್ಯಾಕೇಜುಗಳ ಹೆಸರು ಬೇರೆ, ತರ್ಕ ಇದೇ.

ದುಡ್ಡು ಕೊಡುವ ಮುಂಚೆ

ಲ್ಯಾಮಿಂಗ್ಟನ್ ರಸ್ತೆಗಾಗಲಿ, ಪುಣೆಯ ಬುಧವಾರ ಪೇಠೆಗಾಗಲಿ ಹೋಗುವಾಗ 8 ಜಿಬಿ ಪೆನ್ ಡ್ರೈವ್‌ನಲ್ಲಿ ಮಿಂಟ್ ಹಾಕಿಕೊಂಡು ಹೋಗಿ. ಡಿಸ್ಕಿಗೆ ಏನನ್ನೂ ಹಾಕದೆ ಪೆನ್ ಡ್ರೈವಿನಿಂದಲೇ ಬೂಟ್ ಮಾಡಿ ಇಷ್ಟು ನೋಡಿ: ಸ್ಪೀಕರ್, ಒಳಗಿನ ಮೈಕ್, ಹೆಡ್‌ಫೋನ್ ಜ್ಯಾಕ್, ಬ್ರೈಟ್‌ನೆಸ್ ಕೀಲಿ, ಮುಚ್ಚಳ ಮುಚ್ಚಿ ತೆರೆದಾಗ ಪರದೆ ಮರಳುತ್ತದೆಯೇ, ಅಂಗಡಿಯ ಮಾನಿಟರಿಗೆ ಎಚ್‌ಡಿಎಂಐ ಹಾಕಿದರೆ ಚಿತ್ರ ಬರುತ್ತದೆಯೇ. ಹತ್ತು ನಿಮಿಷ ಸಾಕು. ಜೊತೆಗೆ ಬಯಾಸ್ (ಲಿನಕ್ಸ್ ಶುರುವಾಗುವ ಮುಂಚಿನ, ಯಂತ್ರದ್ದೇ ಸೆಟ್ಟಿಂಗ್ ಪುಟ) ಒಳಗೆ ಹೋಗಿ ನೋಡಿ. ಆಫೀಸುಗಳಿಂದ ಬಂದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳಲ್ಲಿ ಹಳೆಯ ಕಂಪನಿ ಇಟ್ಟ ಬಯಾಸ್ ಪಾಸ್‌ವರ್ಡ್ ಉಳಿದಿರುವುದುಂಟು. ಅದಿದ್ದರೆ ಸೆಕ್ಯೂರ್ ಬೂಟ್ ಬದಲಿಸಲು ಆಗದು, ಅಂಥ ಯಂತ್ರ ಬೇಡ.

ಇದೇ ಪೆನ್ ಡ್ರೈವ್ ಮುಂದೆಯೂ ಕೆಲಸಕ್ಕೆ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಸದ್ದು ನಿಂತಾಗ ಅದರಿಂದ ಬೂಟ್ ಮಾಡಿ. ಅಲ್ಲಿ ಸದ್ದು ಬಂದರೆ ಯಂತ್ರ ಸರಿಯಿದೆ, ಸೆಟ್ಟಿಂಗ್ ಕೆಟ್ಟಿದೆ. ಅಲ್ಲೂ ಬರದಿದ್ದರೆ ತಂತಿ, ಜ್ಯಾಕ್, ಸ್ಪೀಕರ್ ಕಡೆ ತಿರುಗಿ, ಇಲ್ಲವೇ ಆ ಚಿಪ್ಪಿಗೆ ಇನ್ನೂ ಹೊಸ ಕರ್ನಲ್ ಬೇಕಿದೆ ಎಂದು ತಿಳಿಯಿರಿ.

ಮೊದಲು ಯಾರ ಜೊತೆ ಮಾತಾಡುತ್ತಿದ್ದೇವೆ ಎಂದು ನೋಡಿ

ಟರ್ಮಿನಲ್ ತೆರೆದು ಇದನ್ನು ಕೊಡಿ:

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ

ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ 'ವಿಜಿಎ' ಅಥವಾ '3ಡಿ ಕಂಟ್ರೋಲರ್' ಎಂದಿರುವುದು ಗ್ರಾಫಿಕ್ಸ್, 'ಆಡಿಯೊ' ಎಂದಿರುವುದು ಸೌಂಡ್. ಪ್ರತಿಯೊಂದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲು ಹುಡುಕಿ. ಇಂಟೆಲ್ ಗ್ರಾಫಿಕ್ಸಾದರೆ ಐ915 ಅಥವಾ ತೀರ ಹೊಸದರಲ್ಲಿ ಎಕ್ಸ್‌ಇ, ಎಎಂಡಿಗೆ ಎಎಂಡಿಜಿಪಿಯು, ಎನ್‌ವಿಡಿಯಾಕ್ಕೆ ಎನ್‌ವಿಡಿಯಾ ಅಥವಾ ನೂವೋ. ಆ ಸಾಲೇ ಇಲ್ಲದಿದ್ದರೆ ಡ್ರೈವರ್ ಹತ್ತಿಲ್ಲ. ಸಾಲು ಇದ್ದೂ ಕೆಲಸ ನಡೆಯದಿದ್ದರೆ ಡ್ರೈವರ್ ಹಿಂದೆ ಬೀಳಬೇಡಿ, ಮೇಲಿನ ಪದರ ನೋಡಿ. ಚೌಕಾಕಾರ ಆವರಣದಲ್ಲಿ ಎಂಟು ಅಂಕಿ-ಅಕ್ಷರಗಳ ಒಂದು ಗುರುತು ಇರುತ್ತದೆ, ನಡುವೆ ಕೋಲನ್. ಯಾರ ಬಳಿಯಾದರೂ ಸಹಾಯ ಕೇಳುವಾಗ ಲ್ಯಾಪ್‌ಟಾಪಿನ ಮಾಡೆಲ್ ಹೆಸರಿಗಿಂತ ಈ ಗುರುತು ಹೆಚ್ಚು ಉಪಯೋಗ. ಒಂದೇ ಮಾಡೆಲ್ ಹೆಸರಿನಲ್ಲಿ ಎರಡು ಮೂರು ಬಗೆಯ ಚಿಪ್ ಬಂದಿರುತ್ತವೆ.

ಆಮೇಲೆ ಕರ್ನಲ್ ಏನು ಗೊಣಗಿದೆ ಎಂದು ನೋಡಿ:

ಸುಡೊ ಡಿಮೆಸ್ಗ್ (ಡಿ-ಎಂ-ಇ-ಎಸ್-ಜಿ)

ಕೆಂಪು ಸಾಲುಗಳೆಲ್ಲ ಅಪಾಯವಲ್ಲ, ಅದಕ್ಕೆ ಹೆದರಬೇಡಿ. 'ಫರ್ಮ್‌ವೇರ್' ಎಂಬ ಪದದ ಜೊತೆ 'ಫೇಲ್ಡ್ ಟು ಲೋಡ್' ಎಂದಿದ್ದರೆ ಮಾತ್ರ ಕಳ್ಳ ಸಿಕ್ಕ ಹಾಗೆ.

ಸೌಂಡ್ ಕಾರ್ಡೇ ಕಾಣದಿದ್ದಾಗ

ಸೆಟ್ಟಿಂಗ್ಸ್‌ನ ಸೌಂಡ್ ಪುಟದಲ್ಲಿ 'ಡಮ್ಮಿ ಔಟ್‌ಪುಟ್' ಎಂದಷ್ಟೇ ಇದ್ದರೆ ಕಾರ್ಡ್ ಸಿಕ್ಕಿಲ್ಲ ಎಂದರ್ಥ. ಸುಮಾರು 2019ರ ನಂತರದ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಇದು ಸಾಮಾನ್ಯ. ಅವುಗಳಲ್ಲಿ ಒಳಗಿನ ಡಿಜಿಟಲ್ ಮೈಕ್‌ಗಳು ಪ್ರೊಸೆಸರಿನೊಳಗಿನ ಸಣ್ಣ ಡಿಎಸ್‌ಪಿಗೆ (ಸದ್ದಿನ ಕೆಲಸಕ್ಕೆಂದೇ ಇರುವ ಭಾಗಕ್ಕೆ) ಜೋಡಿಸಿರುತ್ತವೆ, ಆ ಡಿಎಸ್‌ಪಿಗೆ ಸೌಂಡ್ ಓಪನ್ ಫರ್ಮ್‌ವೇರ್ ಬೇಕು. ಆ ಪ್ಯಾಕೇಜಿನ ಹೆಸರು ಉಬುಂಟು, ಡೆಬಿಯನ್‌ನಲ್ಲಿ ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್, ಫೆಡೋರಾದಲ್ಲಿ ಆಲ್ಸಾ-ಎಸ್‌ಒಎಫ್-ಫರ್ಮ್‌ವೇರ್, ಆರ್ಚ್‌ನಲ್ಲಿ ಎಸ್‌ಒಎಫ್-ಫರ್ಮ್‌ವೇರ್.

ಸುಡೊ ಆಪ್ಟ್ ಇನ್‌ಸ್ಟಾಲ್ ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್

ಹಾಕಿ, ರೀಸ್ಟಾರ್ಟ್ ಮಾಡದೆ ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿ. ಹಳೆಯ ಲೇಖನಗಳು ಎಸ್‌ಎನ್‌ಡಿ_ಇಂಟೆಲ್_ಡಿಎಸ್‌ಪಿಸಿಎಫ್‌ಜಿ ಎಂಬ ಮಾಡ್ಯೂಲಿಗೆ (ಕರ್ನಲಿಗೆ ಸೇರುವ ಡ್ರೈವರ್ ತುಂಡಿಗೆ) ಡಿಎಸ್‌ಪಿ_ಡ್ರೈವರ್=1 ಎಂದು ಕೊಡಲು ಹೇಳುತ್ತವೆ. ಅದರಿಂದ ಸ್ಪೀಕರ್ ಬರಬಹುದು, ಆದರೆ ಡಿಎಸ್‌ಪಿಯನ್ನೇ ಬಿಟ್ಟುಬಿಟ್ಟ ಹಾಗಾಯಿತು, ಒಳಗಿನ ಮೈಕ್ ಹೋಗುತ್ತದೆ. ಮೀಟಿಂಗಿನಲ್ಲಿ ಕೂತಾಗ ಇದು ತಿಳಿಯುತ್ತದೆ.

ವಿಂಡೋಸ್ ಜೊತೆಗೇ ಇಟ್ಟುಕೊಂಡವರಿಗೆ ಇನ್ನೊಂದು ಕಾಟ: ಲಿನಕ್ಸ್‌ನಲ್ಲಿ ಒಂದು ದಿನ ಸದ್ದು ಇರುತ್ತದೆ, ಇನ್ನೊಂದು ದಿನ ಇಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕಾರಣವಿರಬಹುದು. ಅದು ಯಂತ್ರವನ್ನು ಪೂರ್ತಿ ಮುಚ್ಚದೆ ಅರ್ಧ ಮಲಗಿಸುತ್ತದೆ, ಕೆಲವು ಸೌಂಡ್ ಚಿಪ್ಪುಗಳು ಅದೇ ಸ್ಥಿತಿಯಲ್ಲಿ ಲಿನಕ್ಸ್ ಕೈಗೆ ಬರುತ್ತವೆ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ಆಫ್ ಮಾಡಿ.

ಕಾರ್ಡ್ ಇದೆ, ಸದ್ದು ಮಾತ್ರ ಇಲ್ಲ

ಈ ತೊಂದರೆಗೇ ಹೆಚ್ಚು ಹೊತ್ತು ಹೋಗುತ್ತದೆ. ಇಲ್ಲಿ ಪದರಗಳನ್ನು ಒಮ್ಮೆ ತಲೆಯಲ್ಲಿ ಇಟ್ಟುಕೊಳ್ಳಬೇಕು. ತಳದಲ್ಲಿ ಸೌಂಡ್ ಕಾರ್ಡನ್ನು ನಡೆಸುವ ಕರ್ನಲ್‌ನ ಆಲ್ಸಾ, ಅದರ ಮೇಲೆ ಎಲ್ಲ ಪ್ರೋಗ್ರಾಂಗಳ ಸದ್ದನ್ನು ಕಲೆಹಾಕುವ ಸರ್ವರ್ ಪೈಪ್‌ವೈರ್, ಅದರ ಪಕ್ಕದಲ್ಲಿ ಯಾವ ಸದ್ದು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ವೈರ್‌ಪ್ಲಂಬರ್. ಮೊದಲು ಪೈಪ್‌ವೈರ್ ಜಾಗದಲ್ಲಿ ಪಲ್ಸ್‌ಆಡಿಯೊ ಇತ್ತು. ಫೆಡೋರಾ 2021ರಲ್ಲಿ, ಉಬುಂಟು 2022ರ 22.10ರಲ್ಲಿ, ಮಿಂಟ್ 2024ರ 22ರಲ್ಲಿ ಪೈಪ್‌ವೈರ್‌ಗೆ ಬಂದವು. ಹಾಗಾಗಿ 'ಪಲ್ಸ್‌ಆಡಿಯೊ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ' ಎಂಬ ಹಳೆಯ ಸಲಹೆಯನ್ನು ಇವತ್ತು ಪಾಲಿಸಿದರೆ ಎರಡು ಸರ್ವರುಗಳು ಒಂದೇ ಕಾರ್ಡಿಗೆ ಕಿತ್ತಾಡುತ್ತವೆ.

ಮೊದಲು ದಾರಿ ನೋಡಿ. ಪಾವುಕಂಟ್ರೋಲ್ (ಪಿ-ಎ-ವಿ-ಯು, ಆಮೇಲೆ ಕಂಟ್ರೋಲ್) ಹಾಕಿಕೊಂಡು ತೆರೆಯಿರಿ. ಹಾಡೊಂದನ್ನು ಹಚ್ಚಿ ಔಟ್‌ಪುಟ್ ಪುಟದಲ್ಲಿ ಯಾವ ಪಟ್ಟಿ ಕುಣಿಯುತ್ತಿದೆ ನೋಡಿ. ಎಚ್‌ಡಿಎಂಐ ಪಟ್ಟಿ ಕುಣಿಯುತ್ತಿದ್ದರೆ ಸದ್ದು ಟಿವಿಗೋ ಪ್ರೊಜೆಕ್ಟರಿಗೋ ಹೋಗುತ್ತಿದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ ಸ್ಲೈಡ್ ತೋರಿಸಿ ಮನೆಗೆ ಬಂದ ಮೇಲೆ ಲ್ಯಾಪ್‌ಟಾಪ್ ಮೂಕವಾಗಿದ್ದರೆ ಸಂಶಯ ಪಡಬೇಕಾದದ್ದು ಇದನ್ನೇ. ಕೊನೆಯ 'ಕಾನ್ಫಿಗರೇಶನ್' ಪುಟದಲ್ಲಿ 'ಬಿಲ್ಟ್-ಇನ್ ಆಡಿಯೊ'ಗೆ 'ಅನಲಾಗ್ ಸ್ಟೀರಿಯೊ ಡ್ಯೂಪ್ಲೆಕ್ಸ್' ಆರಿಸಿ.

ಸರಿಯಾದ ಪಟ್ಟಿಯೇ ಕುಣಿಯುತ್ತಿದ್ದು ಕಿವಿಗೆ ಏನೂ ಬೀಳದಿದ್ದರೆ ಒಂದು ಪದರ ಕೆಳಗಿಳಿಯಿರಿ:

ಆಲ್ಸಾಮಿಕ್ಸರ್

ಟರ್ಮಿನಲ್‌ನೊಳಗೇ ನಿಂತ ಕಂಬಗಳ ಸಾಲು ಬರುತ್ತದೆ. ತೆರೆದಾಗ ಕಾಣುವುದು ನಿಜವಾದ ಕಾರ್ಡ್ ಅಲ್ಲ, ಪೈಪ್‌ವೈರ್‌ನ ಒಂದೇ ಕಂಬ. ಅನೇಕರು ಅದನ್ನೇ 100ಕ್ಕೆ ಏರಿಸಿ ಕೈಚೆಲ್ಲುತ್ತಾರೆ. ಎಫ್6 ಒತ್ತಿ, ಪಟ್ಟಿಯಿಂದ 'ಎಚ್‌ಡಿಎ ಇಂಟೆಲ್' ಅಥವಾ 'ಎಸ್‌ಒಎಫ್' ಎಂದಿರುವ ಕಾರ್ಡ್ ಆರಿಸಿ. ಈಗ ಮಾಸ್ಟರ್, ಹೆಡ್‌ಫೋನ್, ಸ್ಪೀಕರ್ ಎಂದು ಬೇರೆ ಬೇರೆ ಕಂಬಗಳು. ಕಂಬದ ಬುಡದ ಚೌಕದಲ್ಲಿ 'ಎಂಎಂ' ಎಂದಿದ್ದರೆ ಬಾಯಿ ಕಟ್ಟಿದೆ, '00' ಎಂದಿದ್ದರೆ ತೆರೆದಿದೆ. ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ ಎಂ ಒತ್ತಿದರೆ ಬದಲಾಗುತ್ತದೆ. ಬಲಕ್ಕೆ ಸರಿಯುತ್ತ ಹೋದರೆ 'ಆಟೊ-ಮ್ಯೂಟ್ ಮೋಡ್' ಸಿಗುತ್ತದೆ, ಅದರ ಮಾತು ಮುಂದೆ. ಎಸ್ಕೇಪ್ ಒತ್ತಿ ಹೊರಬಂದು 'ಸುಡೊ ಆಲ್ಸಾಸಿಟಿಎಲ್ ಸ್ಟೋರ್' ಕೊಟ್ಟರೆ ಈ ಸ್ಥಿತಿ ಉಳಿಯುತ್ತದೆ. ಪರೀಕ್ಷೆಗೆ:

ಸ್ಪೀಕರ್-ಟೆಸ್ಟ್ -ಸಿ 2 -ಟಿ ವೇವ್ (ಡಬ್ಲ್ಯು-ಎ-ವಿ)

'ಫ್ರಂಟ್ ಲೆಫ್ಟ್', 'ಫ್ರಂಟ್ ರೈಟ್' ಎಂದು ಎಡ, ಬಲ ಸ್ಪೀಕರಿನಿಂದ ಒಂದಾದ ಮೇಲೊಂದು ಹೆಂಗಸಿನ ದನಿ ಕೇಳಬೇಕು. ನಿಲ್ಲಿಸಲು ಕಂಟ್ರೋಲ್-ಸಿ.

ಅಪ್‌ಡೇಟ್ ಆದ ಮೇಲೆ ಸದ್ದು ಎಲ್ಲೆಲ್ಲೋ ಹೋಗುತ್ತಿದ್ದರೆ ವೈರ್‌ಪ್ಲಂಬರ್ ನೆನಪಿಟ್ಟುಕೊಂಡ ಹಳೆಯ ಆಯ್ಕೆಗಳನ್ನು ಅಳಿಸಿ. ಮನೆ ಫೋಲ್ಡರಿನಲ್ಲಿ ಕಂಟ್ರೋಲ್-ಎಚ್ ಒತ್ತಿ ಅಡಗಿದ್ದನ್ನು ತೋರಿಸಿ, ಡಾಟ್-ಲೋಕಲ್, ಅದರೊಳಗೆ ಸ್ಟೇಟ್, ಅದರೊಳಗಿನ ವೈರ್‌ಪ್ಲಂಬರ್ ಫೋಲ್ಡರನ್ನು ತೆಗೆದುಹಾಕಿ. ಆಮೇಲೆ:

ಸಿಸ್ಟಮ್‌ಸಿಟಿಎಲ್ --ಯೂಸರ್ ರೀಸ್ಟಾರ್ಟ್ ವೈರ್‌ಪ್ಲಂಬರ್ ಪೈಪ್‌ವೈರ್ ಪೈಪ್‌ವೈರ್-ಪಲ್ಸ್

ಇಲ್ಲಿ ಸುಡೊ ಹಾಕಬಾರದು. ಈ ಸರ್ವಿಸುಗಳು ಬಳಕೆದಾರನವು, ರೂಟಿನವಲ್ಲ.

ಮಳೆಗಾಲದ ಜ್ಯಾಕ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ, ಗೋವಾಗಳಲ್ಲಿ ಬರುವ ಒಂದು ತೊಂದರೆಗೆ ಡ್ರೈವರ್ ಸಂಬಂಧವೇ ಇಲ್ಲ, ಆದರೂ ಎಲ್ಲರೂ ಡ್ರೈವರನ್ನೇ ಬೈಯುತ್ತಾರೆ. ಹೆಡ್‌ಫೋನ್ ಜ್ಯಾಕಿನೊಳಗೆ ಪಿನ್ ಹೊಕ್ಕಿದೆಯೇ ಎಂದು ಹೇಳುವ ಪುಟ್ಟ ಸ್ವಿಚ್ ಇದೆ. ಉಪ್ಪು ಗಾಳಿ, ತೇವ ಸೇರಿ ಅದರ ತಗಡಿಗೆ ಕಿಲುಬು ಹಿಡಿದರೆ ಪಿನ್ ಇಲ್ಲದಿದ್ದರೂ 'ಇದೆ' ಎನ್ನುತ್ತದೆ. ಲಿನಕ್ಸ್ ಅದನ್ನು ನಂಬಿ ಸ್ಪೀಕರ್ ಬಂದ್ ಮಾಡುತ್ತದೆ. ಪಾವುಕಂಟ್ರೋಲ್‌ನ ಪೋರ್ಟ್ ಪಟ್ಟಿಯಲ್ಲಿ ಏನೂ ಚುಚ್ಚದೆಯೇ 'ಹೆಡ್‌ಫೋನ್ಸ್ (ಪ್ಲಗ್ಡ್ ಇನ್)' ಎಂದಿದ್ದರೆ ಇದೇ ರೋಗ.

ಹೆಡ್‌ಫೋನ್ ಪಿನ್ನನ್ನು ಹತ್ತು ಹದಿನೈದು ಸಲ ಹಾಕಿ ತೆಗೆಯಿರಿ, ತಿರುಗಿಸುತ್ತ. ಎಷ್ಟೋ ಯಂತ್ರಗಳು ಇಷ್ಟಕ್ಕೇ ಸರಿಹೋಗುತ್ತವೆ. ಹೋಗದಿದ್ದರೆ ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಳಚಿ, ಹಲ್ಲುಸಂದಿ ಉಜ್ಜುವ ಸಣ್ಣ ಬ್ರಷ್ಷಿಗೆ 99% ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ತಾಗಿಸಿ ಒಳಗೆ ಮೆಲ್ಲಗೆ ತಿರುವಿ, ಅರ್ಧ ಗಂಟೆ ಒಣಗಲು ಬಿಡಿ. ತುಕ್ಕಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಜಿಡ್ಡು ಉಳಿದು ಧೂಳು ಹಿಡಿಯುತ್ತದೆ. ತುರ್ತಿಗೆ ಆಲ್ಸಾಮಿಕ್ಸರ್‌ನಲ್ಲಿ ಆಟೊ-ಮ್ಯೂಟ್ ಮೋಡನ್ನು 'ಡಿಸೇಬಲ್ಡ್' ಮಾಡಿ, ಪಾವುಕಂಟ್ರೋಲ್‌ನಲ್ಲಿ ಪೋರ್ಟ್ 'ಸ್ಪೀಕರ್ಸ್' ಎಂದು ಆರಿಸಿದರೆ ಸದ್ದು ಬರುತ್ತದೆ. ಜ್ಯಾಕ್ ಪೂರ್ತಿ ಹಾಳಾಗಿದ್ದರೆ ಆಲ್ಸಾ-ಟೂಲ್ಸ್-ಜಿಯುಐ ಪ್ಯಾಕೇಜಿನ ಎಚ್‌ಡಿಎಜ್ಯಾಕ್‌ರೀಟಾಸ್ಕ್‌ನಲ್ಲಿ (ನಡುವೆ ಅಡ್ಡಗೆರೆ ಇಲ್ಲ) ಆ ಪಿನ್ನಿಗೆ 'ನಾಟ್ ಕನೆಕ್ಟೆಡ್' ಎಂದು ಕೊಟ್ಟು, ಬೂಟ್ ಆದಾಗಲೆಲ್ಲ ಅನ್ವಯಿಸುವ ಗುಂಡಿ ಒತ್ತಿ.

ಸದ್ದು ಶುರುವಾಗುವಾಗ 'ಟಪ್' ಎಂದು ಬಡಿಯುವುದು ಕಾರ್ಡಿನ ವಿದ್ಯುತ್ ಉಳಿತಾಯದಿಂದ. /ಇಟಿಸಿ/ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ .ಕಾನ್ಫ್ ಎಂದು ಮುಗಿಯುವ ಫೈಲ್ ಮಾಡಿ ಈ ಒಂದು ಸಾಲು ಬರೆಯಿರಿ: ಆಪ್ಷನ್ಸ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಪವರ್_ಸೇವ್=0. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ. ಬ್ಲೂಟೂತ್ ಹೆಡ್‌ಸೆಟ್ಟಿನಲ್ಲಿ ಮೈಕ್ ಆನ್ ಆದ ಕೂಡಲೇ ಹಾಡು ಹಳೆಯ ಫೋನಿನ ಹಾಗೆ ಕೇಳುವುದು ದೋಷವಲ್ಲ. ಬ್ಲೂಟೂತ್ ಆಗ ಕರೆಯ ಪ್ರೊಫೈಲಿಗೆ ಹೋಗುತ್ತದೆ. ಮೈಕ್‌ಗೆ ಲ್ಯಾಪ್‌ಟಾಪಿನದನ್ನೇ ಆರಿಸಿ.

ಪರದೆ ಕಪ್ಪಾದರೆ

ಗಾಬರಿಯಾಗಿ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಆನ್ ಮಾಡಿದ ಕೂಡಲೇ ಎಸ್ಕೇಪ್ ಒಮ್ಮೆ ಒತ್ತಿ (ಹಳೆಯ ಬಯಾಸ್ ಆದರೆ ಶಿಫ್ಟ್ ಹಿಡಿದುಕೊಳ್ಳಿ), ಗ್ರಬ್ (ಯಾವ ಕರ್ನಲ್ ಬೂಟ್ ಆಗಬೇಕೆಂದು ಕೇಳುವ ಪ್ರೋಗ್ರಾಂ) ಪಟ್ಟಿ ಬರುತ್ತದೆ. 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಿಂದಿನ ಕರ್ನಲ್ ಆರಿಸಿ ನೋಡಿ. ಅದರಲ್ಲಿ ಪರದೆ ಬಂದರೆ, ಎನ್‌ವಿಡಿಯಾ ಇರುವ ಯಂತ್ರದಲ್ಲಿ ಬಹುಶಃ ಹೊಸ ಕರ್ನಲಿಗೆ ಅದರ ಮಾಡ್ಯೂಲ್ ಕಟ್ಟಿಲ್ಲ, ಅಷ್ಟೇ. ಪ್ರತಿ ಕರ್ನಲಿಗೂ ಮಾಡ್ಯೂಲನ್ನು ನಿಮ್ಮ ಯಂತ್ರದಲ್ಲೇ ಕಟ್ಟಿಕೊಡುವುದು ಡಿಕೆಎಂಎಸ್; 'ಡಿಕೆಎಂಎಸ್ ಸ್ಟೇಟಸ್' ಆದೇಶ ಯಾವ ಕರ್ನಲಿಗೆ ಕಟ್ಟಿದೆ ಎಂದು ಹೇಳುತ್ತದೆ. ಲಿನಕ್ಸ್-ಹೆಡರ್ಸ್-ಜೆನೆರಿಕ್ ಇಲ್ಲದಿರುವುದೇ ಸಾಮಾನ್ಯ ಕಾರಣ.

ಹಿಂದಿನ ಕರ್ನಲ್ಲೂ ಬರದಿದ್ದರೆ ಗ್ರಬ್‌ನಲ್ಲಿ ಸಾಲಿನ ಮೇಲೆ ನಿಂತು ಇ ಒತ್ತಿ. 'ಲಿನಕ್ಸ್' ಎಂದು ಶುರುವಾಗುವ ಉದ್ದ ಸಾಲಿನ ತುದಿಗೆ ಹೋಗಿ ಒಂದು ಜಾಗ ಬಿಟ್ಟು 'ನೋಮೋಡ್‌ಸೆಟ್' ಎಂದು ಸೇರಿಸಿ ಎಫ್10 ಒತ್ತಿ. ಇದು ಆ ಒಂದು ಬೂಟಿಗೆ ಮಾತ್ರ. ಅಷ್ಟರಲ್ಲಿ ಡ್ರೈವರ್ ಸರಿಮಾಡಿಕೊಳ್ಳಬೇಕು. ನೋಮೋಡ್‌ಸೆಟ್ಟನ್ನು ಗ್ರಬ್ ಫೈಲಿನಲ್ಲಿ ಕಾಯಂ ಮಾಡಿ 'ಸರಿಹೋಯಿತು' ಎಂದುಕೊಂಡವರ ಲ್ಯಾಪ್‌ಟಾಪುಗಳು ವರ್ಷಗಟ್ಟಲೆ ಫ್ಯಾನ್ ಊದುತ್ತ ಕೂತಿರುತ್ತವೆ. ಗ್ರಾಫಿಕ್ಸ್ ಚಿಪ್ ಸುಮ್ಮನಿದ್ದು ಪ್ರೊಸೆಸರೇ ಪ್ರತಿ ಚುಕ್ಕೆಯನ್ನೂ ಬಿಡಿಸುತ್ತಿರುತ್ತದೆ. ನಿಮ್ಮದು ಹಾಗಿದೆಯೇ ಎಂದು ನೋಡಲು ಮೆಸಾ-ಯುಟಿಲ್ಸ್ ಹಾಕಿ 'ಜಿಎಲ್ಎಕ್ಸ್‌ಇನ್ಫೊ -ಬಿ' ಕೊಡಿ (ಇಲ್ಲಿ ಬಿ ದೊಡ್ಡಕ್ಷರ). ರೆಂಡರರ್ ಸಾಲಿನಲ್ಲಿ 'ಎಲ್‌ಎಲ್‌ವಿಎಂಪೈಪ್' ಎಂದಿದ್ದರೆ ಹೌದು.

ಎನ್‌ವಿಡಿಯಾ

ಪುಣೆಯ ಇಂಜಿನಿಯರಿಂಗ್ ಹುಡುಗರ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಇದೇ ಇರುವುದು. 'ಉಬುಂಟು-ಡ್ರೈವರ್ಸ್ ಡಿವೈಸಸ್' ಕೊಟ್ಟರೆ ನಿಮ್ಮ ಚಿಪ್ಪಿಗೆ ಯಾವ ಸಂಖ್ಯೆಯ ಡ್ರೈವರ್ ಸೂಕ್ತವೆಂದು 'ರೆಕಮೆಂಡೆಡ್' ಗುರುತಿನೊಂದಿಗೆ ತೋರಿಸುತ್ತದೆ. 'ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್' ಅದನ್ನೇ ಹಾಕುತ್ತದೆ. ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್. ಕೆಪ್ಲರ್ ಪೀಳಿಗೆಯ ಹಳೆಯ ಚಿಪ್ಪುಗಳು 470ಕ್ಕೆ ನಿಂತವು, ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ 580ಕ್ಕೆ. ಹೊಸ ಸಂಖ್ಯೆ ಒಳ್ಳೆಯದೆಂದು ಮೇಲಿನದನ್ನು ಒತ್ತಾಯದಿಂದ ಹಾಕಿದರೆ ಕಪ್ಪು ಪರದೆಯೇ ಗತಿ. ಕಂಪನಿಯ ಸೈಟಿನ .ರನ್ ಫೈಲ್ ಮೊದಲ ದಿನ ಚೆನ್ನಾಗಿಯೇ ಓಡುತ್ತದೆ, ಮುಂದಿನ ಕರ್ನಲ್ ಅಪ್‌ಡೇಟಿಗೆ ಕೈಕೊಡುತ್ತದೆ. ಈಗಾಗಲೇ ಹಾಕಿದ್ದರೆ ಅದೇ ಫೈಲನ್ನು --ಅನ್‌ಇನ್‌ಸ್ಟಾಲ್ ಸೇರಿಸಿ ಓಡಿಸಿ ತೆಗೆದು ಆಮೇಲೆ ಮುಂದುವರಿಯಿರಿ.

ಈಗ ಸೆಕ್ಯೂರ್ ಬೂಟ್. ಉಬುಂಟು ತಾನೇ ಸಹಿ ಹಾಕಿದ ಮಾಡ್ಯೂಲ್ ಬಂದರೆ ಈ ಪ್ರಸಂಗವಿಲ್ಲ. ನಿಮ್ಮ ಯಂತ್ರದಲ್ಲೇ ಡಿಕೆಎಂಎಸ್ ಕಟ್ಟಿದ್ದಾದರೆ ಇನ್‌ಸ್ಟಾಲ್ ನಡುವೆ ಒಂದು ಪಾಸ್‌ವರ್ಡ್ ಕೇಳುತ್ತದೆ, 8ರಿಂದ 16 ಅಕ್ಷರ. ಲಾಗಿನ್ ಪಾಸ್‌ವರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಚೀಟಿಯಲ್ಲಿ ಬರೆದಿಡಿ, ವಿಶೇಷ ಚಿಹ್ನೆ ಬೇಡ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು 10 ಸೆಕೆಂಡ್ ಎಣಿಸುತ್ತದೆ. ಅಷ್ಟರೊಳಗೆ ಯಾವುದಾದರೂ ಕೀಲಿ ಒತ್ತಬೇಕು. ಆಮೇಲೆ 'ಎನ್‌ರೋಲ್ ಎಂಒಕೆ', 'ಕಂಟಿನ್ಯೂ', 'ಯೆಸ್', ಚೀಟಿಯ ಪಾಸ್‌ವರ್ಡ್, 'ರೀಬೂಟ್'. ಟೈಪ್ ಮಾಡುವಾಗ ಏನೂ ಕಾಣಿಸುವುದಿಲ್ಲ, ಅದು ಸಹಜ. ಚಹಾ ತರಲು ಎದ್ದು ಹೋದವರಿಗೆ ಈ ಪರದೆ ತಪ್ಪಿಹೋಗುತ್ತದೆ, ಮರಳಿ ಬಂದಾಗ ಲಾಗಿನ್ ಪುಟ ಏನೂ ಆಗಿಲ್ಲವೆಂಬಂತೆ ನಿಂತಿರುತ್ತದೆ. ಆಗ 'ಎನ್‌ವಿಡಿಯಾ-ಎಸ್‌ಎಂಐ' ಆದೇಶ ಡ್ರೈವರ್ ಜೊತೆ ಮಾತಾಡಲಾಗಲಿಲ್ಲ ಎನ್ನುತ್ತದೆ, 'ಸುಡೊ ಮಾಡ್‌ಪ್ರೋಬ್ ಎನ್‌ವಿಡಿಯಾ' ಕೀಲಿ ತಿರಸ್ಕೃತವಾಯಿತು ಎನ್ನುತ್ತದೆ. ಮತ್ತೆ ಆ ಪರದೆ ಕರೆಸಲು:

ಸುಡೊ ಎಂಒಕೆಯುಟಿಲ್ --ಇಂಪೋರ್ಟ್ /ವಿಎಆರ್/ಲಿಬ್/ಶಿಮ್-ಸೈನ್ಡ್/ಎಂಒಕೆ/ಎಂಒಕೆ.ಡಿಇಆರ್

ಕೊನೆಯ ಫೈಲಿನ ಹೆಸರಿನ ಎಂಒಕೆ ಮಾತ್ರ ದೊಡ್ಡಕ್ಷರ, ಉಳಿದದ್ದೆಲ್ಲ ಸಣ್ಣದು.

ಎರಡು ಗ್ರಾಫಿಕ್ಸ್ ಇರುವ ಯಂತ್ರದಲ್ಲಿ 'ಪ್ರೈಮ್-ಸೆಲೆಕ್ಟ್ ಕ್ವೆರಿ' ಈಗಿನ ಸ್ಥಿತಿ ಹೇಳುತ್ತದೆ. 'ಸುಡೊ ಪ್ರೈಮ್-ಸೆಲೆಕ್ಟ್ ಆನ್-ಡಿಮಾಂಡ್' ದಿನಬಳಕೆಗೆ ಸರಿ. 'ಇಂಟೆಲ್' ಎಂದಿಟ್ಟರೆ ಬ್ಯಾಟರಿ ಉಳಿಯುತ್ತದೆ. ಆದರೆ ಕೆಲವು ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ತೂತಿನ ತಂತಿ ಎನ್‌ವಿಡಿಯಾ ಚಿಪ್ಪಿಗೇ ಹೋಗಿರುತ್ತದೆ, ಹೊರಗಿನ ಮಾನಿಟರ್ ಕಾಣಿಸದು. ಅದಕ್ಕೆ ಕೇಬಲ್ ಬದಲಿಸಿ ಪ್ರಯೋಜನವಿಲ್ಲ.

ಮಿನುಗು ಮತ್ತು ಅರ್ಧಕ್ಕೆ ನಿಂತ ಅಪ್‌ಡೇಟ್

ಪರದೆ ಆಗಾಗ ಮಿನುಗಿದರೆ ಪ್ಯಾನೆಲ್ ಸೆಲ್ಫ್ ರಿಫ್ರೆಶ್ (ಚಿತ್ರ ಬದಲಾಗದಿದ್ದಾಗ ವಿದ್ಯುತ್ ಉಳಿಸುವ ಏರ್ಪಾಡು) ಮೇಲೆ ಸಂಶಯವಿಡಿ. ಇಂಟೆಲ್‌ಗೆ ಐ915.ಎನೇಬಲ್_ಪಿಎಸ್‌ಆರ್=0, ಎಎಂಡಿಗೆ ಎಎಂಡಿಜಿಪಿಯು.ಡಿಸಿಡಿಬಗ್‌ಮಾಸ್ಕ್=0ಎಕ್ಸ್10. ಮೊದಲು ನೋಮೋಡ್‌ಸೆಟ್ ಸೇರಿಸಿದ ಹಾಗೇ ಒಂದು ಬೂಟಿಗೆ ಕೊಟ್ಟು ನೋಡಿ, ಉಪಯೋಗವಾದರೆ ಮಾತ್ರ /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನಲ್ಲಿ ಬರೆದು 'ಸುಡೊ ಅಪ್‌ಡೇಟ್-ಗ್ರಬ್' ಕೊಡಿ.

ಸೆಕೆಂಡ್ ಹ್ಯಾಂಡ್ ಯಂತ್ರದ ಬ್ಯಾಟರಿ ಸತ್ತಿದ್ದು, ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಡ್ರೈವರ್ ಅರ್ಧ ಕಟ್ಟಿ ನಿಲ್ಲುತ್ತದೆ. ಕಪ್ಪು ಪರದೆಯಲ್ಲಿ ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಲಾಗಿನ್ ಆಗಿ, 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ', ಆಮೇಲೆ 'ಸುಡೊ ಆಪ್ಟ್ -ಎಫ್ ಇನ್‌ಸ್ಟಾಲ್' ಕೊಡಿ. ಕೇಳಿದ ಪ್ರಶ್ನೆಗೆಲ್ಲ ಎಂಟರ್ ಒತ್ತುವ ಮುಂಚೆ ಏನನ್ನು ತೆಗೆಯಹೊರಟಿದೆ ಓದಿ. ಪಟ್ಟಿಯಲ್ಲಿ 'ಉಬುಂಟು-ಡೆಸ್ಕ್‌ಟಾಪ್' ಕಂಡರೆ ಅಲ್ಲೇ ನಿಲ್ಲಿಸಿ. ಹೊಸ ಕರ್ನಲ್ ಸರಿಬರದೆ ಹಳೆಯದರಲ್ಲೇ ದಿನ ದೂಡುತ್ತಿದ್ದರೆ, ಅಷ್ಟು ದಿನ 'ಆಪ್ಟ್ ಆಟೊರಿಮೂವ್' ಓಡಿಸಬೇಡಿ, ಅದು ಹಳೆಯ ಕರ್ನಲುಗಳನ್ನೇ ಗುಡಿಸುತ್ತದೆ.